ತಿಕೋಟಾದ ದ್ರಾಕ್ಷಿ ಶೆಡ್ಡಿನಲ್ಲಿ ಪಿಕೊ

ಒಣದ್ರಾಕ್ಷಿ ಶೆಡ್ಡಿನ ಶಾಖ ಅಳೆಯೋಕೆ ಅಂತ ಈ ಸೀಸನ್ನಿಗೆ ರಾಸ್ಪ್‌ಬೆರಿ ಪೈ ಪಿಕೊ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು ತಂದೆ. ಜೊತೆಗೆ ಶಾಖ ಅಳೆಯುವ ಮೂರು ಡಿಎಸ್18ಬಿ20 ಸೆನ್ಸರ್. ಬೋರ್ಡು ಕಿರುಬೆರಳಿನಷ್ಟು ಉದ್ದ. 264 ಕೆಬಿ ಮೆಮೊರಿ ಅಂದರೆ ಮೊಬೈಲಿನ ಒಂದು ಫೋಟೊನೂ ಹಿಡಿಸಲ್ಲ, ಆದರೆ ಈ ಕೆಲಸಕ್ಕೆ ಧಾರಾಳ.

ನನಗೆ ಜಾಸ್ತಿ ಹಿಡಿಸಿದ್ದು ಸೆನ್ಸರ್. ಪ್ರತಿಯೊಂದಕ್ಕೂ 64 ಬಿಟ್‌ನ ತನ್ನದೇ ವಿಳಾಸ ಇದೆ. ಹಾಗಾಗಿ ಮೂರನ್ನೂ ಒಂದೇ ಡೇಟಾ ವೈರಿಗೆ ಕಟ್ಟಬಹುದು. ಎಷ್ಟು ಚೆಂದದ ಯೋಚನೆ ಅಲ್ವಾ? ಮೊದಲ ದಿನ ಒಂದೂ ಮಾತಾಡಲಿಲ್ಲ. ಡೇಟಾ ವೈರಿಗೂ ಪವರ್ ವೈರಿಗೂ ನಡುವೆ ಇರಬೇಕಾದ 4.7 ಕಿಲೋ ಓಮ್ ರೆಸಿಸ್ಟರ್ ಹಾಕೋದು ಮರೆತಿದ್ದೆ. ರಾತ್ರಿ ಹನ್ನೊಂದಕ್ಕೆ, ಟಾರ್ಚ್ ಬೆಳಕಲ್ಲಿ ಬೆಸುಗೆ ಹಾಕಿದೆ. ಲ್ಯಾಪ್‌ಟಾಪ್ ಪರದೆ ಮೇಲೆ ಮೂರೂ ಅಂಕಿ ಬಂದವು. ಮರುದಿನ ಮಧ್ಯಾಹ್ನ ನೋಡಿದರೆ ಮೇಲಿನ ಜಾಳಿಗೂ ಕೆಳಗಿನದಕ್ಕೂ ನಾಲ್ಕು ಡಿಗ್ರಿ ಅಂತರ! ಕೆಳಗಿನ ಹಣ್ಣು ತಡವಾಗಿ ಒಣಗುತ್ತೆ ಅಂತ ಅಪ್ಪ ವರ್ಷಗಳಿಂದ ಹೇಳುತ್ತಿದ್ದುದು ಇದನ್ನೇ. ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

ಕಾಲೇಜಿನಲ್ಲಿ ನನ್ನನ್ನ ಗೀಕ್, ಅಂದರೆ ಟೆಕ್ ಹುಚ್ಚಿನವ, ಅಂತಿದ್ದರು, ಊರಲ್ಲಿ ‘ವೈರಿನ ಹುಡುಗ’ ಅಂತಾರೆ. ಎರಡೂ ನನಗೆ ಇಷ್ಟದ ಹೆಸರೇ.

ಬೆಸುಗೆ ಬರದವರು ಪಿನ್ ಕೂಡಿಸಿಯೇ ಬರುವ ಪಿಕೊ ಎಚ್ ತಗೊಳ್ಳಿ.