ಸಮುದ್ರದ ಅಕ್ವೇರಿಯಂಗೆ ಯಾವ ಗೋರ್ಗೋನಿಯನ್: ಆಂಟಿಲೊಗಾರ್ಜಿಯಾ ಅಥವಾ ಡಯೋಡೊಗಾರ್ಜಿಯಾ?

ಗೋರ್ಗೋನಿಯನ್ ಎಂದರೆ ಗಿಡದಂತೆ ಕವಲೊಡೆದು ಬೆಳೆಯುವ ಹವಳದ ಬಗೆ. ಈ ಎರಡೂ ಕುಲಗಳು ಕೆರಿಬಿಯನ್ ಕಡೆಯವು, ಅಮೆರಿಕದ ಅಂಗಡಿಗಳಲ್ಲಿ ಸಿಗುತ್ತವೆ. ಭಾರತದಲ್ಲಿ ಈ ಆಯ್ಕೆಯೇ ಇಲ್ಲ: 2001ರಿಂದ ಎಲ್ಲ ಗೋರ್ಗೋನಿಯನ್‌ಗಳೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ.

ಗರಿಯಂಥ ನೇರಳೆ ಆಂಟಿಲೊಗಾರ್ಜಿಯಾದ ಮೈಯೊಳಗೆ ಬೆಳಕಿನಿಂದ ಆಹಾರ ತಯಾರಿಸಿಕೊಡುವ ಸಹಜೀವಿ ಪಾಚಿಯಿದೆ. ಹೀಗಾಗಿ ಒಳ್ಳೆಯ ಬೆಳಕು, 24–26 ಡಿಗ್ರಿ ನೀರು, ಅತ್ತಿತ್ತ ತೂಗಿಸುವ ಹರಿವು ಇದ್ದರೆ ಊಟದ ಚಿಂತೆ ಕಡಿಮೆ. ಕೂರಿಸುವಾಗ ಬುಡದ 1–2 ಸೆಂ.ಮೀ. ಅಂಗಾಂಶ ಕೆರೆದು, ಒಳಗಿನ ಕಪ್ಪು ಕಡ್ಡಿಯನ್ನಷ್ಟೇ ಎಪಾಕ್ಸಿ ಅಂಟಿನಲ್ಲಿ ಊರಿ. ಅಂಗಾಂಶ ಹೂತರೆ ಕೊಳೆತು ಮೇಲಕ್ಕೆ ಹಬ್ಬುತ್ತದೆ. ಆಗಾಗ ಪಾಲಿಪ್‌ಗಳನ್ನು (ಮೈಮೇಲಿನ ಹೂವಿನಂಥ ಪುಟ್ಟ ಬಾಯಿಗಳನ್ನು) ಮುಚ್ಚಿ ಮೇಣದಂಥ ಪೊರೆ ಕಳಚುವುದು ರೋಗವಲ್ಲ. ಹರಿವು ಸಾಲದೆ ಆ ಪೊರೆ ಅಂಟಿ ಉಳಿದರೆ ಮಾತ್ರ ಅದರ ಮೇಲೆ ಪಾಚಿ ಬೆಳೆಯುತ್ತದೆ. ಈ ಕುಲ ಡೈಟರ್ಪೀನ್ ಎಂಬ ರಾಸಾಯನಿಕಗಳ ಕಣಜ. ಎಲಿಸಬೆಥೆ ಪ್ರಭೇದದ ಸ್ಯೂಡೊಪ್ಟೆರೊಸಿನ್ ಉರಿಯೂತ ತಗ್ಗಿಸುವ ಗುಣದಿಂದ ಚರ್ಮದ ಕ್ರೀಮುಗಳಿಗೂ ಹೋಗಿದೆ. ಕತ್ತರಿಸಿ ಸಸಿ ಮಾಡಿದ ದಿನ, ನೀರಿಗೆ ಸೇರುವ ಇಂಥ ರಾಸಾಯನಿಕ ಹೀರಲು ಆಕ್ಟಿವೇಟೆಡ್ ಕಾರ್ಬನ್ (ಸಕ್ರಿಯ ಇದ್ದಿಲು) ಹಾಕಿಡುವುದು ಕ್ಷೇಮ.

ಕೆಂಪು ಇಲ್ಲವೇ ಹಳದಿ ಡಯೋಡೊಗಾರ್ಜಿಯಾ ಕಣ್ಣಿಗೆ ಹಬ್ಬ, ಕೈಗೆ ಕೆಲಸ. ಸಹಜೀವಿ ಪಾಚಿಯಿಲ್ಲದ ಕಾರಣ ದಿನಕ್ಕೆ ಹಲವು ಸಲ ರೋಟಿಫರ್ ಎಂಬ ಸೂಕ್ಷ್ಮಜೀವಿಯಂಥ ಸಣ್ಣ ಆಹಾರ ಬೇಕು. ಕೊಟ್ಟರೆ ನೀರಿನಲ್ಲಿ ಕೊಳೆಯಿಂದ ಹುಟ್ಟುವ ನೈಟ್ರೇಟ್ ಏರುತ್ತದೆ, ಬಿಟ್ಟರೆ ತುದಿಗಳಿಂದ ಬರಿದಾಗುತ್ತಾ ಬರುತ್ತದೆ. ದೊಡ್ಡ ಸ್ಕಿಮ್ಮರ್ (ನೊರೆಯೆಬ್ಬಿಸಿ ಕೊಳೆ ತೆಗೆಯುವ ಯಂತ್ರ), ತಪ್ಪದ ನೀರು ಬದಲಾವಣೆ ಇಲ್ಲದವರು ಇದರ ತಂಟೆಗೆ ಹೋಗದಿರುವುದೇ ಲೇಸು.