ಹಣ ಕೈಗೆ ಬರುವ ಮೊದಲು ಚುಕ್ತಾ ರಸೀದಿಗೆ ಸಹಿ ಹಾಕಬೇಡಿ

ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಆರು ವರ್ಷ ಲೆಕ್ಕ ಬರೆದು ಈಚೆಗೆ ಕೆಲಸ ಬಿಟ್ಟೆ. ಬರಬೇಕಾದ ಹಣಕ್ಕೆ ಅವರು ಅಲೆದಾಡಿಸಿದ ಬಗೆ ಹೊಸದೇನಲ್ಲ. ಮಂಡಿಯಿರಲಿ, ಹೋಮ್‌ಸ್ಟೇ ಇರಲಿ, ಬಟ್ಟೆ ಅಂಗಡಿಯಿರಲಿ, ಕೆಲಸ ಬಿಡುವ ಯೋಚನೆಯಲ್ಲಿರುವವರು ಇದನ್ನು ಓದಿಕೊಳ್ಳಿ.

ನೋಟಿಸ್ ಅವಧಿ ಮುಗಿಸಿ, ಲೆಕ್ಕದ ಪುಸ್ತಕ ಮತ್ತು ಗೋದಾಮಿನ ಬೀಗದ ಕೈ ಒಪ್ಪಿಸಿದಾಗ ಸಾಹುಕಾರರು, "ಸೀಸನ್ ಮುಗಿಯಲಿ, ಕೊಡೋಣ" ಎಂದರು. ಆಮೇಲೆ "ಆಡಿಟ್ ಆಗಲಿ" ಎಂದರು. ಅದೂ ಮುಗಿದ ಮೇಲೆ ಹೊಸ ರಾಗ: ಗೋದಾಮಿನಲ್ಲಿ ತೂಕ ಕಡಿಮೆ ಬಂದಿದೆ, ನಿಮ್ಮ ಸಂಬಳದಲ್ಲಿ ಮುರಿದುಕೊಳ್ಳುತ್ತೇವೆ. ಮಳೆಗಾಲದಲ್ಲಿ ತೇವ ಎಳೆದುಕೊಂಡ ಅಡಿಕೆ ಬೇಸಿಗೆಯಲ್ಲಿ ಒಣಗಿ ತೂಕ ಇಳಿಯುತ್ತದೆಂಬುದು ಮಂಡಿಯಲ್ಲಿ ಒಂದು ವರ್ಷ ಕಳೆದವರಿಗೆಲ್ಲ ಗೊತ್ತು. ಗುಮಾಸ್ತನ ಲೆಕ್ಕ ತೀರಿಸುವಾಗ ಮಾತ್ರ ಅದು ಮರೆತುಹೋಗುತ್ತದೆ.

ಕೊನೆಗೆ ಕರೆಸಿ ಒಂದು ವೋಚರ್ ಮುಂದಿಟ್ಟರು. ರೆವಿನ್ಯೂ ಸ್ಟಾಂಪ್ ಮೊದಲೇ ಅಂಟಿಸಿತ್ತು. "ನನಗೆ ಬರಬೇಕಾದ ಸಕಲ ಬಾಕಿಯೂ ಚುಕ್ತಾ ಆಗಿರುತ್ತದೆ" ಎಂದು ಟೈಪ್ ಮಾಡಿತ್ತು. ಮೊತ್ತದ ಜಾಗ ಖಾಲಿ. "ಸಹಿ ಹಾಕಿ ಹೋಗಿ ಮಾರಾಯರೆ, ದುಡ್ಡು ನಾಳೆ ಖಾತೆಗೆ ಬರುತ್ತದೆ." ನಾನು ಹಾಕಲಿಲ್ಲ. ನನಗಿಂತ ಮೊದಲು ಬಿಟ್ಟ ಹುಡುಗನೊಬ್ಬ ಹಾಕಿದ್ದ. ಅವನ ಪಾಲಿನ ನಾಳೆ ಇನ್ನೂ ಬಂದಿಲ್ಲ.

2025ರ ನವೆಂಬರ್ 21ರಿಂದ ಜಾರಿಯಲ್ಲಿರುವ, ಸಂಬಳಕ್ಕೆ ಸಂಬಂಧಿಸಿದ ಕೇಂದ್ರದ ಕಾನೂನಾದ ವೇತನ ಸಂಹಿತೆಯ ಪ್ರಕಾರ, ತೆಗೆದುಹಾಕಿದರೂ ಸರಿ, ನೀವಾಗಿಯೇ ರಾಜೀನಾಮೆ ಕೊಟ್ಟರೂ ಸರಿ, ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಸೀಸನ್ನಿಗೂ ಆಡಿಟ್‌ಗೂ ಅಲ್ಲಿ ಜಾಗವಿಲ್ಲ. ನಷ್ಟದ ಹೆಸರಿನಲ್ಲಿ ಮುರಿದುಕೊಳ್ಳಬೇಕಾದರೆ ಆ ಸರಕು ನಿಮ್ಮ ವಶಕ್ಕೆ ಕೊಟ್ಟದ್ದಾಗಿರಬೇಕು, ನಿಮ್ಮ ನಿರ್ಲಕ್ಷ್ಯದಿಂದಲೇ ಹಾಳಾಗಿರಬೇಕು, ನಿಮ್ಮ ಸಮಜಾಯಿಷಿ ಕೇಳಿರಲೂ ಬೇಕು. ತಕರಾರು ಸಲ್ಲಿಸಲು ಮೂರು ವರ್ಷ ಕಾಲಾವಕಾಶವಿದೆ. ಹಣ ಕೊಟ್ಟಿದ್ದೇವೆಂದು ರುಜುವಾತುಪಡಿಸುವ ಹೊಣೆ ಮಾಲೀಕರದು. ಆ ವೋಚರ್ ಮೇಲೆ ಅವರಿಗೆ ಅಷ್ಟೊಂದು ಪ್ರೀತಿ ಏಕೆಂದು ಈಗ ತಿಳಿಯಿತಲ್ಲ!

ಹತ್ತು ಅಥವಾ ಹೆಚ್ಚು ಮಂದಿ ಕೆಲಸಗಾರರಿರುವ ಕಡೆ ಐದು ವರ್ಷ ದುಡಿದವರಿಗೆ ವರ್ಷಕ್ಕೆ 15 ದಿನದ ವೇತನದಂತೆ ಗ್ರಾಚ್ಯುಟಿ, ಅಂದರೆ ಸೇವೆಗಾಗಿ ಕೆಲಸ ಬಿಡುವಾಗ ಕೊಡುವ ಇಡುಗಂಟು, 30 ದಿನದೊಳಗೆ ಸಿಗಬೇಕು. ಭವಿಷ್ಯ ನಿಧಿಯಲ್ಲಿ ಮಾಲೀಕರು ನೀವು ಕೆಲಸ ಬಿಟ್ಟ ದಿನಾಂಕ ತುಂಬದಿದ್ದರೆ, ಕೊನೆಯ ವಂತಿಗೆಯ ಎರಡು ತಿಂಗಳ ನಂತರ ನೀವೇ ಆನ್‌ಲೈನ್‌ನಲ್ಲಿ ತುಂಬಬಹುದು.

ರಾಜೀನಾಮೆ ಪತ್ರದ ಪ್ರತಿಯ ಮೇಲೆ ಸ್ವೀಕೃತಿ ಸಹಿ ಪಡೆಯಿರಿ. ಬೀಗದ ಕೈ, ಪುಸ್ತಕ ಒಪ್ಪಿಸಿದ್ದಕ್ಕೂ ಬರಹದಲ್ಲಿ ತೆಗೆದುಕೊಳ್ಳಿ. ಹಾಜರಿ ಪುಸ್ತಕದಲ್ಲಿ ನಿಮ್ಮ ಪುಟದ ಫೋಟೊ ಮೊಬೈಲ್‌ನಲ್ಲಿರಲಿ. ನಾನು ಮೊದಲು ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿದೆ, ಉತ್ತರವಿಲ್ಲ. ಕಾರ್ಮಿಕ ಅಧಿಕಾರಿಯ ಕಚೇರಿಗೆ ದೂರು ಕೊಟ್ಟು, ಅಲ್ಲಿಂದ ನೋಟಿಸ್ ಹೋದ ಮೇಲೆ ಸಂಬಳ ಪೂರ್ತಿ ಬಂತು. ತೂಕದ ಕೊರತೆಯ ಮಾತನ್ನು ಯಾರೂ ಎತ್ತಲಿಲ್ಲ. ಗ್ರಾಚ್ಯುಟಿ ಬಂದಿಲ್ಲ, ಅದಕ್ಕೆ ಬೇರೆ ಅರ್ಜಿ ಹಾಕಿದ್ದೇನೆ.