ರೈಯೋಲಿಯೋ, ಕಾರೈಯೋ?

ಪಳೆಯುಳಿಕೆ ಓದಬೇಕು ಅನ್ನುವವರಿಗೆ ಮೊದಲ ಪ್ರಶ್ನೆ: ಬೆನ್ನೆಲುಬಿರುವ ಪ್ರಾಣಿಗಳೋ, ಇಲ್ಲದವೋ?

ಗುಜರಾತಿನ ರೈಯೋಲಿಯಲ್ಲಿ ಡೈನೋಸಾರ್ ಮೊಟ್ಟೆ, ಮೂಳೆ ಸಿಕ್ಕಿವೆ. 2003ರಲ್ಲಿ ಹೆಸರು ಪಡೆದ ರಾಜಾಸಾರಸ್ ಎಂಬ ಡೈನೋಸಾರ್ ಇಲ್ಲಿಯದೇ. ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಪೂರ್ತಿ ಅಸ್ಥಿಪಂಜರ ಸಿಗುವುದು ತೀರಾ ಅಪರೂಪ. ಚೂರು ಮೂಳೆ ಹಿಡಿದು ವರ್ಷಗಟ್ಟಲೆ ಕೂರುವ ತಾಳ್ಮೆ ಬೇಕು.

ತಮಿಳುನಾಡಿನ ಕಾರೈ ಬೇರೆಯೇ ಲೋಕ. ಅರಿಯಲೂರು ಸಮೀಪದ ಆ ಭಾಗ ಡೈನೋಸಾರ್ ಕಾಲದಲ್ಲಿ ಸಮುದ್ರದಡಿ ಇತ್ತು. ಮಳೆ ಕೊರೆದ ಮಣ್ಣಲ್ಲಿ ಬೆಲೆಮ್ನೈಟ್ ಎಂಬ ಪಳೆಯುಳಿಕೆಗಳು ಮುರಿದ ಪೆನ್ಸಿಲ್ ತುದಿಯಂತೆ ಬಿದ್ದಿರುತ್ತವೆ. ಸುರುಳಿ ಸುತ್ತಿದ ಅಮೋನೈಟ್‌ಗಳೂ ಇವೆ. ಎರಡೂ ಸ್ಕ್ವಿಡ್ ಎಂಬ ಬೆನ್ನೆಲುಬಿಲ್ಲದ ಕಡಲಜೀವಿಯ ನೆಂಟರು. ಅಮೋನೈಟ್ ಜಾತಿಗಳು ಬೇಗ ಬೇಗ ಬದಲಾದವು, ಹಾಗಾಗಿ ಒಂದು ಚಿಪ್ಪಿನಿಂದಲೇ ಬಂಡೆಯ ಕಾಲ ಅಂದಾಜಿಸಬಹುದು. ಎಂಥ ಸೊಗಸು, ಅಲ್ವಾ?

ಹೊಸಬರು ಕಾರೈಯಿಂದಲೇ ಶುರು ಮಾಡಲಿ. ಕಣ್ಣು ಪಳಗುವಷ್ಟು ಮಾದರಿ ಅಲ್ಲಿವೆ. ಎತ್ತಿಕೊಂಡು ಮಾತ್ರ ಬರಬೇಡಿ, ಫೋಟೊ ಸಾಕು.